ಚಂದ್ರಯಾನದ ದುಡ್ಡು, ಬಿಸಿಯೂಟದ ತಟ್ಟೆ: ಮಕ್ಕಳ ಚರ್ಚಾಸ್ಪರ್ಧೆಗೆ ನಿಮ್ಮ ಮಾತು ಬೇಕು

ತೊಗರಿ ಹೊಲದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮುಂದಿನ ವಾರ ನಮ್ಮಲ್ಲಿ ಚರ್ಚಾಸ್ಪರ್ಧೆ ಇದೆ. ವಿಷಯ: "ಬಾಹ್ಯಾಕಾಶಕ್ಕೆ ಹಾಕುವ ಹಣ ಹಸಿದವರ ಹೊಟ್ಟೆಗೆ ಹೋಗಬೇಕು." ಪರವಾಗಿ ಮೂವರು, ವಿರೋಧವಾಗಿ ಮೂವರು. ಆರೂ ಮಕ್ಕಳನ್ನು ತಯಾರು ಮಾಡುವವಳು ನಾನೇ.

ವಿಷಯ ಆರಿಸಿದ್ದು ನಾನಲ್ಲ, ಮಕ್ಕಳೇ. ಅದರ ಹಿಂದೆ ಒಂದು ಕಥೆ ಇದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯುವುದನ್ನು ನೋಡಲು ಶಾಲೆ ಬಿಟ್ಟ ಮೇಲೂ ಮಕ್ಕಳನ್ನು ಕೂರಿಸಿಕೊಂಡಿದ್ದೆವು. ಸಂಜೆ 6 ಗಂಟೆ 4 ನಿಮಿಷಕ್ಕೆ ಲ್ಯಾಂಡರ್ ನೆಲ ಮುಟ್ಟಿತು. ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿದರು. ನನಗೆ ಕಣ್ಣು ತುಂಬಿ ಬಂತು. ಗೇಟಿನ ಹತ್ತಿರ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ನಿಂತಿದ್ದಳು. "ಟೀಚರ್, ಆ ರೊಕ್ಕ ನಮ್ಮೂರಿಗೆ ಕೊಟ್ಟಿದ್ರ ಎಷ್ಟ್ ದಿನ ಊಟ ಆಗ್ತಿತ್ತು?" ಅಂತ ಕೇಳಿದಳು.

ಆ ಆಗಸ್ಟ್ ಹೇಗಿತ್ತು ಅಂತ ನಮ್ಮ ಕಡೆಯವರಿಗೆ ಚೆನ್ನಾಗಿ ನೆನಪಿದೆ. 1901ರಿಂದ ಲೆಕ್ಕ ಇಟ್ಟ ಮೇಲೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಹೆಸರು ಬೆಳೆ ಗಿಡದಲ್ಲೇ ಸುಟ್ಟಿತ್ತು. ತೊಗರಿ ಮೊಣಕಾಲುದ್ದಕ್ಕೆ ನಿಂತುಬಿಟ್ಟಿತ್ತು. ಅವಳ ಅಪ್ಪ ಅದಾಗಲೇ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದರು. ನಾನು ಅವತ್ತು "ನಾಳೆ ಹೇಳ್ತೀನಿ" ಅಂದೆ. ಹೇಳಲೇ ಇಲ್ಲ. ಅವಳೀಗ ಹತ್ತನೇ ಕ್ಲಾಸು. ಪರ ತಂಡದಲ್ಲಿ ಮೊದಲು ಮಾತಾಡುವವಳು ಅವಳೇ.

ಭಾಷಣದ ಮಾತು ಬೇಡ. ನಿಮಗೆ ನಿಜವಾಗಿ ಗೊತ್ತಿರುವುದು ಹೇಳಿ. ಎರಡೂ ಕಡೆಗೆ ಬೇಕು.

ಲೆಕ್ಕದ ಪುಸ್ತಕ

ಮೇಡಂ, ಆ ಹುಡುಗಿ ಕೇಳಿದ್ದು ಲೆಕ್ಕದ ಪ್ರಶ್ನೆ. ಮೊದಲು ಲೆಕ್ಕ ಮಾಡಿಬಿಡೋಣ.

ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ. ದೇಶದಲ್ಲಿ ಉಚಿತ ರೇಷನ್ ಪಡೆಯುವವರು ಸುಮಾರು 81 ಕೋಟಿ ಜನ. ಅಷ್ಟೂ ಜನಕ್ಕೆ ಹಂಚಿದರೆ ಒಬ್ಬರಿಗೆ ಏಳೂವರೆ ರೂಪಾಯಿ ಬರುತ್ತದೆ. ಅದೂ ಒಂದೇ ಒಂದು ಸಲ.

ಇನ್ನೊಂದು ರೀತಿ ನೋಡಿ. 2025-26ರಲ್ಲಿ ಕೇಂದ್ರದ ಆಹಾರ ಸಬ್ಸಿಡಿ 2 ಲಕ್ಷ ಕೋಟಿಗಿಂತ ಸ್ವಲ್ಪ ಜಾಸ್ತಿ. ದಿನಕ್ಕೆ ಸುಮಾರು 557 ಕೋಟಿ. ಅಂದರೆ ಚಂದ್ರಯಾನ-3ರ ಪೂರ್ತಿ ದುಡ್ಡು ದೇಶದ ರೇಷನ್‌ಗೆ 26 ಗಂಟೆ ಸಾಕಾಗುತ್ತದೆ. ಇಡೀ ಬಾಹ್ಯಾಕಾಶ ಇಲಾಖೆಯ ವರ್ಷದ ಹಣ 13,400 ಕೋಟಿ ಚಿಲ್ಲರೆ. ಅದನ್ನು ಪೂರ್ತಿ ನಿಲ್ಲಿಸಿದರೂ 24 ದಿನದ ರೇಷನ್. ಇಸ್ರೋ ಮುಚ್ಚಿದರೆ ಹಸಿವು ಹೋಗುತ್ತದೆ ಅನ್ನುವವರು ಈ ಲೆಕ್ಕ ಒಮ್ಮೆ ಕೈಯಲ್ಲಿ ಬರೆದು ನೋಡಬೇಕು.

ಒಲೆ ಮುಂದಿನ ಮನೆ

ಲೆಕ್ಕದವರೇ, ನಿಮ್ಮ ಲೆಕ್ಕ ಸರಿ. ಆದರೆ ನೀವು ಹೋಲಿಸಿದ್ದು ಅತಿ ದೊಡ್ಡ ರಾಶಿಯ ಜೊತೆ. ಆ ರಾಶಿಯ ಪಕ್ಕ ಏನಿಟ್ಟರೂ ಚಿಕ್ಕದೇ ಕಾಣುತ್ತದೆ.

ನನ್ನ ಅಮ್ಮ ಹದಿನೆಂಟು ವರ್ಷದಿಂದ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾರೆ. ಅದಕ್ಕೇ ನಾನು ಬಿಸಿಯೂಟದ ಲೆಕ್ಕ ಹೇಳುತ್ತೇನೆ. ಕೇಂದ್ರ 2025-26ರಲ್ಲಿ ಬಿಸಿಯೂಟಕ್ಕೆ ಇಟ್ಟಿದ್ದು 12,500 ಕೋಟಿ. ಬಾಹ್ಯಾಕಾಶಕ್ಕೆ ಇಟ್ಟಿದ್ದಕ್ಕಿಂತ ಕಡಿಮೆ. ಊಟ ಮಾಡುವ ಮಕ್ಕಳು 11 ಕೋಟಿಗೂ ಜಾಸ್ತಿ.

ಅಕ್ಕಿ ಬೇರೆ ಬರುತ್ತದೆ. ಉಳಿದದ್ದಕ್ಕೆ, ಅಂದರೆ ಬೇಳೆ, ತರಕಾರಿ, ಎಣ್ಣೆ, ಖಾರದಪುಡಿ, ಗ್ಯಾಸ್ ಎಲ್ಲಕ್ಕೂ ಸೇರಿ, ಒಂದರಿಂದ ಐದನೇ ಕ್ಲಾಸಿನ ಒಂದು ಮಗುವಿಗೆ ಒಂದು ಹೊತ್ತಿಗೆ 6 ರೂಪಾಯಿ 78 ಪೈಸೆ. ಇದೂ 2025ರ ಮೇ ತಿಂಗಳಿಂದ. 2022ರ ಅಕ್ಟೋಬರ್‌ನಿಂದ ಎರಡು ವರ್ಷಕ್ಕೂ ಜಾಸ್ತಿ ಅದು 5 ರೂಪಾಯಿ 45 ಪೈಸೆಯಲ್ಲೇ ಇತ್ತು. ಚಂದ್ರಯಾನ ಇಳಿದ ದಿನವೂ ಅಷ್ಟೇ. ಟೊಮೇಟೊ ಕೆಜಿಗೆ ನೂರು ದಾಟಿದ ವರ್ಷ ಅದು. ಅಮ್ಮ ಮನೆಯಿಂದ ಹುಣಸೆಹಣ್ಣು ಒಯ್ದು ಸಾಂಬಾರಿಗೆ ಹಾಕುತ್ತಿದ್ದರು. ಅವರ ತಿಂಗಳ ಗೌರವಧನ ಆಗ ನಾಲ್ಕು ಸಾವಿರ ಮುಟ್ಟಿರಲಿಲ್ಲ.

ಈಗ ಇನ್ನೊಂದು ಲೆಕ್ಕ. ಬಾಹ್ಯಾಕಾಶದ 13,400 ಕೋಟಿಯನ್ನು ಈ 11 ಕೋಟಿ ಮಕ್ಕಳಿಗೆ ಹಂಚಿ. ಒಂದು ಮಗುವಿಗೆ ವರ್ಷಕ್ಕೆ 1,200 ರೂಪಾಯಿ ಚಿಲ್ಲರೆ. ಮೊಟ್ಟೆಗೆ 6 ರೂಪಾಯಿ ಹಿಡಿದರೆ 200 ಮೊಟ್ಟೆ. ಶಾಲೆ ನಡೆಯುವ ದಿನಗಳಲ್ಲಿ ಹೆಚ್ಚುಕಡಿಮೆ ದಿನಕ್ಕೊಂದು ಮೊಟ್ಟೆ, ದೇಶದ ಎಲ್ಲ ಮಕ್ಕಳಿಗೂ. 24 ದಿನದ ರೇಷನ್ ಅಂದರೆ ಏನೂ ಅನ್ನಿಸಲ್ಲ. ದಿನಕ್ಕೊಂದು ಮೊಟ್ಟೆ ಅಂದರೆ ಅನ್ನಿಸುತ್ತದೆ ಅಲ್ವಾ? ಮೇಡಂ, ನಿಮ್ಮ ಪರ ತಂಡಕ್ಕೆ ಇದನ್ನು ಕೊಡಿ.

ಲೆಕ್ಕದ ಪುಸ್ತಕ

ಒಪ್ಪಿದೆ. ಮೊಟ್ಟೆಯ ಲೆಕ್ಕ ನನಗೆ ಹೊಳೆದಿರಲಿಲ್ಲ. ರಾತ್ರಿ ಕೂತು ಇನ್ನೊಮ್ಮೆ ನೋಡಿದೆ. ತಪ್ಪಿಲ್ಲ.

ಆದರೆ ಅದೇ ಲೆಕ್ಕವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. 2025-26ರ ಕೇಂದ್ರ ಬಜೆಟ್ 50 ಲಕ್ಷ ಕೋಟಿ ದಾಟಿದೆ. ಅದನ್ನು ನೂರು ರೂಪಾಯಿ ಅಂತ ಹಿಡಿದರೆ ಬಾಹ್ಯಾಕಾಶಕ್ಕೆ 26 ಪೈಸೆ. ಬಿಸಿಯೂಟಕ್ಕೆ 25 ಪೈಸೆ. ನೀವು ಕೇಳುವ ಮೊಟ್ಟೆಗೆ ಇನ್ನೊಂದು 26 ಪೈಸೆ ಸಾಕು. ಅದನ್ನು ಈ 26 ಪೈಸೆಯಿಂದಲೇ ಯಾಕೆ ಕೀಳಬೇಕು? ಉಳಿದ 99 ರೂಪಾಯಿ ಚಿಲ್ಲರೆಯನ್ನು ಯಾರೂ ಯಾಕೆ ಮುಟ್ಟಲ್ಲ? ರಾಕೆಟ್ ಎಲ್ಲರಿಗೂ ಕಾಣುತ್ತದೆ, ಟಿವಿಯಲ್ಲಿ ಬರುತ್ತದೆ. ಅದಕ್ಕೇ ಬೆರಳು ಅದರ ಕಡೆಗೇ ಹೋಗುತ್ತದೆ.

ಒಲೆ ಮುಂದಿನ ಮನೆ

ಅಣ್ಣ, ಈ ಮಾತು ಒಪ್ಪುತ್ತೇನೆ. ಆದರೆ "ಬೇರೆ ಕಡೆಯಿಂದ ತರೋಣ" ಅಂತ ಹೇಳಿದವರು ಇಲ್ಲಿವರೆಗೆ ತಂದಿಲ್ಲ. ನಮ್ಮ ರಾಜ್ಯದಲ್ಲಿ ಈಗ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಾರೆ. ಅದರಲ್ಲಿ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಷನ್ ಹಣ. ಒಳ್ಳೆಯ ಕೆಲಸ, ಕೈ ಮುಗಿಯುತ್ತೇನೆ. ಆದರೆ ಮಕ್ಕಳ ಮೊಟ್ಟೆಗೆ ದಾನಿಗಳು ಬೇಕಾದರು. ರಾಕೆಟ್‌ಗೆ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಇದು ಅಮ್ಮನಿಗೆ ನೋಯುತ್ತದೆ, ನನಗೂ.

ಬಿಜಾಪುರದ ಹಳೇ ಮಂದಿ

ತಂಗೆವ್ವ ಟೀಚರ್, ನಮ್ಮ ಕಾಲದ್ದು ಒಂದು ಹೇಳುತ್ತೇನೆ. ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ.

1972ರ ಬರದಾಗ ನಾನು ನಾಲ್ಕನೇ ಇಯತ್ತೆ. ಅಪ್ಪ, ಅವ್ವ ಇಬ್ಬರೂ ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆಯಲು ಹೋಗುತ್ತಿದ್ದರು. ಒಂದು ರೊಟ್ಟಿಯನ್ನು ಮೂರು ಮಾಡಿ ನಾವು ಅಣ್ಣತಮ್ಮಂದಿರು ತಿಂದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಹಸಿವು ಅಂದರೆ ಏನು ಅಂತ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಅದಾಗಿ ಮೂರು ವರ್ಷಕ್ಕೆ, 1975ರ ಆಗಸ್ಟ್‌ನಲ್ಲಿ, ನಮ್ಮ ಕಡೆ ಹಳ್ಳಿಗಳಿಗೆ ಟಿವಿ ಬಂತು. ಬೆಂಗಳೂರಿನಲ್ಲೇ ಆಗ ಟಿವಿ ಇರಲಿಲ್ಲ. ಅಮೆರಿಕದ ಒಂದು ಉಪಗ್ರಹವನ್ನು ಒಂದು ವರ್ಷಕ್ಕೆ ತೆಗೆದುಕೊಂಡು ಇಸ್ರೋದವರು ಆರು ರಾಜ್ಯಗಳ 2,400 ಹಳ್ಳಿಗೆ ಕಾರ್ಯಕ್ರಮ ಕಳಿಸಿದರು. ಕರ್ನಾಟಕದಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು. ಶಾಲೆ ಪಕ್ಕ ಕೋಳಿ ಗೂಡಿಗೆ ಹಾಕುವಂಥ ಜಾಲರಿಯ ದೊಡ್ಡ ಛತ್ರಿ ನಿಲ್ಲಿಸಿದ್ದರು. ಸಂಜೆ ಊರೆಲ್ಲ ಬಂದು ನೆಲದ ಮೇಲೆ ಕೂರುತ್ತಿತ್ತು. ಬಿತ್ತುವ ಮೊದಲು ಬೀಜಕ್ಕೆ ಔಷಧಿ ಕಲಸುವುದು ಹೇಗೆ ಅಂತ ನಮ್ಮಪ್ಪ ಅಲ್ಲಿ ನೋಡಿ ಬಂದ. ಮರುವರ್ಷ ಜೋಳಕ್ಕೆ ಹಾಗೇ ಮಾಡಿದ. ಕಾಡಿಗೆ ರೋಗ ಕಡಿಮೆ ಆಯಿತು. ಪುಸ್ತಕ ಓದಲು ಬಾರದ ಮನುಷ್ಯ, ಮೇಲಿನಿಂದ ಬಂದ ಚಿತ್ರ ನೋಡಿ ಕಲಿತ.

ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ಹಾರಿತ್ತು. ಅದನ್ನು ಕಟ್ಟಿದ್ದು ಪೀಣ್ಯದ ತಗಡಿನ ಶೆಡ್ಡುಗಳಲ್ಲಿ. ನಮ್ಮ ದೇಶದ ಬಾಹ್ಯಾಕಾಶದ ಕೆಲಸ ಶುರುವಾದದ್ದೇ ಹೀಗೆ, ಬಡವರ ಹೊಲಕ್ಕೆ ಏನು ಸಿಗುತ್ತದೆ ಅನ್ನುವ ಯೋಚನೆಯಿಂದ. ಆ ಕೆಲಸ ಶುರು ಮಾಡಿದ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಅದನ್ನು ಬಾಯಿ ಬಿಟ್ಟು ಹೇಳಿದ್ದರು. ಚಂದ್ರನ ಮೇಲೆ ಹೋಗುವ ಪೈಪೋಟಿ ನಮಗೆ ಬೇಡ, ನಮ್ಮ ಜನರ ಸಮಸ್ಯೆಗೆ ತಂತ್ರಜ್ಞಾನ ಬಳಸುವುದರಲ್ಲಿ ನಾವು ಯಾರಿಗೂ ಹಿಂದೆ ಬೀಳಬಾರದು ಅಂತ.

ಕೋಲಾರದ ಹುಡುಗ

ಅಜ್ಜಾ, ನಿಮ್ಮ ಮಾತು ಓದಿ ಖುಷಿ ಆಯಿತು. ಆದರೆ ನೀವೇ ಹೇಳಿದಿರಿ, ಚಂದ್ರನ ಪೈಪೋಟಿ ನಮಗೆ ಬೇಡ ಅಂತ ಸಾರಾಭಾಯಿ ಹೇಳಿದ್ದರು ಅಂತ. ಈಗ ನಾವು ಚಂದ್ರನ ಮೇಲೆ ಇಳಿದಿದ್ದೇವೆ. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನದ ಒಟ್ಟು ಮಂಜೂರಾತಿ 20,000 ಕೋಟಿ ದಾಟಿದೆ. ಹವಾಮಾನದ ಉಪಗ್ರಹ, ಬೆಳೆ ನೋಡುವ ಉಪಗ್ರಹ ಬೇರೆ. ಮನುಷ್ಯನನ್ನು ಮೇಲೆ ಕಳಿಸುವುದು ಬೇರೆ. ಎರಡನ್ನೂ ಒಂದೇ ಗಂಟು ಕಟ್ಟಿ "ಬಾಹ್ಯಾಕಾಶದಿಂದ ರೈತನಿಗೆ ಲಾಭ" ಅನ್ನಬೇಡಿ. ವಿರೋಧ ತಂಡ ಈ ತಪ್ಪು ಮಾಡಿದರೆ ಮೊದಲ ಪ್ರಶ್ನೆಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಮಲ್ಪೆ ಬಂದರು

ಕೋಲಾರದ ತಮ್ಮ ಹೇಳಿದ್ದು ಸರಿ. ನಾನು ಹೇಳುವುದು ಬರೀ ಕೆಳಗೆ ನೋಡುವ ಉಪಗ್ರಹದ ಬಗ್ಗೆ.

ನಮ್ಮದು ಮೀನುಗಾರಿಕೆ ಮನೆ. ಅಪ್ಪ ತಾಂಡೇಲ, ಅಂದರೆ ಬೋಟ್ ನಡೆಸುವವರು, ಆಗಿದ್ದರು. ಅವರ ಕಾಲದಲ್ಲಿ ನೀರಿನ ಬಣ್ಣ ನೋಡಿ, ಹಕ್ಕಿ ನೋಡಿ ಮೀನು ಹುಡುಕುತ್ತಿದ್ದರು. ಈಗ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಿಂದ ಮಾಹಿತಿ ಬರುತ್ತದೆ. ಯಾವ ದಿಕ್ಕು, ಬಂದರಿನಿಂದ ಎಷ್ಟು ದೂರ, ಎಷ್ಟು ಆಳ. ಉಪಗ್ರಹ ಮೀನನ್ನು ನೋಡುವುದಿಲ್ಲ. ಸಮುದ್ರದ ಮೇಲಿನ ಬಿಸಿ ಎಷ್ಟು, ನೀರಿನಲ್ಲಿ ಹಸಿರು ಎಷ್ಟು ಅಂತ ನೋಡುತ್ತದೆ. ಹಸಿರು ಇದ್ದಲ್ಲಿ ಚಿಕ್ಕ ಜೀವಿ, ಅಲ್ಲಿಗೆ ಬೂತಾಯಿ, ಬಂಗುಡೆ. ಮೋಡ ಮುಚ್ಚಿದರೆ ಮಾಹಿತಿ ಇಲ್ಲ. ಸಿಕ್ಕ ದಿನ ಡೀಸೆಲ್ ಉಳಿಯುತ್ತದೆ. ಬೋಟಿನ ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್ಲೇ.

ಆದರೆ ಒಂದು ಮಾತು ಮುಚ್ಚಿಡಬಾರದು. ಇದರ ಲಾಭ ಹೆಚ್ಚು ಸಿಗುವುದು ದೊಡ್ಡ ಬೋಟಿನವರಿಗೆ. ನಾಡದೋಣಿಯವರು ಅಷ್ಟು ದೂರ ಹೋಗುವುದೇ ಇಲ್ಲ.

2017ರ ಒಖಿ ಚಂಡಮಾರುತ ನೆನಪಿದೆಯಾ? ಉಪಗ್ರಹಗಳು ಮೇಲೆ ಇದ್ದವು. ಆದರೆ ಆಳ ಸಮುದ್ರದಲ್ಲಿದ್ದ ಕೇರಳ, ತಮಿಳುನಾಡಿನ ಬೋಟುಗಳಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ತುಂಬಾ ಜನ ವಾಪಸ್ ಬರಲಿಲ್ಲ. ಅದಾದ ಮೇಲೆ ದೇಶದ್ದೇ ಆದ ಉಪಗ್ರಹಗಳಿಂದ ಬೋಟಿಗೆ ನೇರವಾಗಿ ಎಚ್ಚರಿಕೆ ಕಳಿಸುವ ಸಣ್ಣ ಯಂತ್ರ ಮಾಡಿದರು. ಮೇಲಿನ ಕಣ್ಣು ಇದ್ದರೆ ಸಾಲದು, ಕೆಳಗಿನವನ ಕಿವಿಗೆ ಮಾತು ಬೀಳಬೇಕು.

ಹೆಮ್ಮೆಯ ಮಾತು ಒಂದು: ಆರ್ಯಭಟ ಕಟ್ಟಿದ ಯು. ಆರ್. ರಾವ್ ನಮ್ಮ ಉಡುಪಿ ಪಕ್ಕದ ಅದಮಾರಿನವರು. ಅವರು ಇಸ್ರೋ ಅಧ್ಯಕ್ಷರಾಗಿದ್ದಾಗಲೇ, 1988ರಲ್ಲಿ, ಪ್ರಯೋಗಕ್ಕಲ್ಲ, ನಿತ್ಯದ ಬಳಕೆಗೇ ಮಾಡಿದ, ಭೂಮಿ ನೋಡುವ ನಮ್ಮ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹೋಯಿತು.

ಚಳ್ಳಕೆರೆ ಕಾವಲು

ಎಲ್ಲರೂ ದುಡ್ಡಿನ ಬಗ್ಗೆ ಮಾತಾಡುತ್ತಿದ್ದೀರಿ. ನಾನು ನೆಲದ ಬಗ್ಗೆ ಹೇಳುತ್ತೇನೆ.

ಚಂದ್ರಯಾನದ ಲ್ಯಾಂಡರ್ ಇಳಿಯುವುದನ್ನು ಕಲಿತದ್ದು ನಮ್ಮ ಚಳ್ಳಕೆರೆ ತಾಲ್ಲೂಕಿನಲ್ಲಿ. ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿನ ಹಾಗೆ ಗುಂಡಿ ತೋಡಿ, ವಿಮಾನದಿಂದ ಸೆನ್ಸರ್ ಪರೀಕ್ಷೆ ಮಾಡಿದ್ದರು. ಇಸ್ರೋದ ರೆಕ್ಕೆಯ ರಾಕೆಟ್ ಪುಷ್ಪಕ್ ಇಳಿದದ್ದೂ ಇಲ್ಲಿನ ರನ್‌ವೇ ಮೇಲೇ. ನಮ್ಮೂರ ಹೆಸರು ಪೇಪರಿನಲ್ಲಿ ಬಂದಾಗ ಹೆಮ್ಮೆ ಆಯಿತು. ಸುಳ್ಳು ಹೇಳಲ್ಲ.

ಆದರೆ ಅದು ಬರೀ ಬೀಳು ಅಲ್ಲ. ಅಮೃತಮಹಲ್ ಕಾವಲು. ತಲೆತಲಾಂತರದಿಂದ ಕುರಿ, ದನ ಮೇಯುವ ಜಾಗ. ಹದಿನೈದು ವರ್ಷಕ್ಕೂ ಹಿಂದೆ ಸುಮಾರು 10,000 ಎಕರೆಯನ್ನು ರಕ್ಷಣೆ, ಅಣುಶಕ್ತಿ, ವಿಜ್ಞಾನದ ಬೇರೆ ಬೇರೆ ಸಂಸ್ಥೆಗಳಿಗೆ ಕೊಟ್ಟರು. ಅದರಲ್ಲಿ ಇಸ್ರೋ ಪಾಲು ಚಿಕ್ಕದು. ಸುತ್ತ ಗೋಡೆ ಬಂತು. ನನ್ನ ಚಿಕ್ಕಪ್ಪ 80 ಕುರಿ ಇಟ್ಟಿದ್ದರು. ಮೇಯಲು ದೂರ ಹೋಗಬೇಕಾಗಿ ಬಂದು, ಮೊದಲು ಅರ್ಧ ಮಾರಿದರು. ಆಮೇಲೆ ಉಳಿದದ್ದೂ ಹೋಯಿತು. ಚಳ್ಳಕೆರೆ ಕಂಬಳಿ ಅಂತ ಎಲ್ಲರೂ ಹೇಳುತ್ತಾರಲ್ಲ, ಆ ಉಣ್ಣೆ ಬರುತ್ತಿದ್ದುದು ಈ ಕಾವಲಿನ ಹುಲ್ಲಿನಿಂದ.

ಇದಕ್ಕೆ ಬಜೆಟ್‌ನಲ್ಲಿ ಯಾವ ಸಾಲೂ ಇಲ್ಲ. ಆದರೆ ಒಂದು ಮನೆಯ ಅನ್ನ ಹೀಗೂ ಹೋಗುತ್ತದೆ. ಬಾಹ್ಯಾಕಾಶ ಬೇಡ ಅಂತ ನಾನು ಹೇಳಲ್ಲ. ಜಾಗ ಕೇಳುವಾಗ ನಮ್ಮನ್ನೂ ಒಂದು ಮಾತು ಕೇಳಬೇಕಿತ್ತು.

ಒಲೆ ಮುಂದಿನ ಮನೆ

ಚಳ್ಳಕೆರೆಯವರೇ, ಇದು ನನಗೆ ಗೊತ್ತೇ ಇರಲಿಲ್ಲ. ಬರೆದಿದ್ದಕ್ಕೆ ಧನ್ಯವಾದ.

ದೂರದ ಕನ್ನಡಿಗ

ಅಮೆರಿಕದಿಂದ ಬರೆಯುತ್ತಿದ್ದೇನೆ. ಈ ಜಗಳ ಇಲ್ಲಿ 1969ರಲ್ಲೇ ಆಗಿತ್ತು. ಮನುಷ್ಯರನ್ನು ಮೊದಲ ಸಲ ಚಂದ್ರನ ಮೇಲೆ ಇಳಿಸಿದ ಅಪೊಲೊ-11 ಹಾರುವ ಹಿಂದಿನ ದಿನ ರಾಲ್ಫ್ ಅಬರ್ನೆಥಿ ಬಡ ಕುಟುಂಬಗಳನ್ನು ಕರೆದುಕೊಂಡು, ಹೇಸರಗತ್ತೆಯ ಗಾಡಿ ಜೊತೆ ಉಡಾವಣಾ ಕೇಂದ್ರದ ಹತ್ತಿರ ಬಂದರು. ಮಾರ್ಟಿನ್ ಲೂಥರ್ ಕಿಂಗ್ ತೀರಿಕೊಂಡ ಮೇಲೆ ಅವರ ಚಳವಳಿ ಮುನ್ನಡೆಸಿದವರು ಅವರು. ನಾಸಾ ಮುಖ್ಯಸ್ಥ ಥಾಮಸ್ ಪೇಯ್ನ್ ತಾವೇ ಬಂದು ಮಳೆ ಹನಿಯ ನಡುವೆ ನಿಂತು ಮಾತಾಡಿದರು. ನಾಳೆ ಗುಂಡಿ ಒತ್ತದೇ ಇದ್ದರೆ ಬಡತನ ಹೋಗುತ್ತದೆ ಅಂತಾದರೆ ನಾವು ಒತ್ತುವುದಿಲ್ಲ ಅಂದರು. ಆ ಕುಟುಂಬಗಳಿಗೆ ಉಡಾವಣೆ ನೋಡಲು ಜಾಗ ಕೊಟ್ಟರು.

ಮರುವರ್ಷ ಜಾಂಬಿಯಾದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಕ್ರೈಸ್ತ ಸನ್ಯಾಸಿನಿ, ಸಿಸ್ಟರ್ ಮೇರಿ ಜುಕುಂಡಾ, ನಾಸಾ ವಿಜ್ಞಾನಿ ಅರ್ನ್ಸ್ಟ್ ಸ್ಟೂಲಿಂಗರ್‌ಗೆ ಪತ್ರ ಬರೆದರು. ಮಕ್ಕಳು ಹಸಿವಿನಿಂದ ಸಾಯುವಾಗ ಮಂಗಳ ಗ್ರಹಕ್ಕೆ ಹೋಗುವ ಯೋಚನೆ ಹೇಗೆ ಮಾಡುತ್ತೀರಿ ಅಂತ. ಅವರು ಉದ್ದದ ಉತ್ತರ ಬರೆದರು. ಹಳೇ ಜರ್ಮನಿಯ ಒಬ್ಬ ಸಾಹುಕಾರ ಬಡವರಿಗೂ ಕೊಡುತ್ತಿದ್ದ, ಗಾಜು ಉಜ್ಜುವ ಒಬ್ಬನಿಗೂ ಕೊಡುತ್ತಿದ್ದ. ಜನ ಬೈದರು. ಆ ಗಾಜಿನಿಂದಲೇ ಮುಂದೆ ಸೂಕ್ಷ್ಮದರ್ಶಕ ಬಂತು ಅನ್ನುವ ಕಥೆ ಅದರಲ್ಲಿದೆ. ವಿರೋಧ ತಂಡಕ್ಕೆ ಆಗುತ್ತದೆ.

ಇನ್ನೊಂದು. ಅಪೊಲೊ ಕಾಲದಲ್ಲಿ ನಾಸಾ ಪಾಲು ಇಲ್ಲಿನ ಕೇಂದ್ರ ಬಜೆಟ್‌ನಲ್ಲಿ ನೂರಕ್ಕೆ 4ಕ್ಕಿಂತ ಜಾಸ್ತಿ ಇತ್ತು. ಈಗ ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ. ಕಡಿತ ಆಗಿಯೇ ಹೋಗಿದೆ. ಆದರೂ 2023ರಲ್ಲಿ ಇಷ್ಟು ಶ್ರೀಮಂತ ದೇಶದ ನೂರು ಮನೆಗಳಲ್ಲಿ 13 ಮನೆಗೆ ವರ್ಷದ ಒಂದಲ್ಲ ಒಂದು ಹೊತ್ತು ಊಟಕ್ಕೆ ತಾಪತ್ರಯ ಇತ್ತು. ಆಕಾಶದಿಂದ ಉಳಿಸಿದ ದುಡ್ಡು ತಾನಾಗಿ ಅಡುಗೆಮನೆಗೆ ನಡೆದು ಹೋಗಲಿಲ್ಲ.

ಬರದ ಫೈಲು

ನಾನು ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಟೀಚರ್ ಮೇಡಂ 2023ರ ಆಗಸ್ಟ್ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಆ ಹುಡುಗಿಯ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಇದೆ.

ಮೊದಲೆಲ್ಲ ಬರ ಅಂದರೆ ನಾವು ಹೊಲಕ್ಕೆ ಹೋಗಿ ಕಣ್ಣಂದಾಜಿನಲ್ಲಿ ಆಣೆವಾರಿ, ಅಂದರೆ ಬೆಳೆ ಎಷ್ಟು ಪಾಲು ಬಂದಿದೆ ಅಂತ, ಬರೆಯುತ್ತಿದ್ದೆವು. 2016ರಲ್ಲಿ ಹೊಸ ಬರ ಕೈಪಿಡಿ ಬಂತು. ಅದರ ಪ್ರಕಾರ ಮಳೆ ಎಷ್ಟು ಕಡಿಮೆ ಅಂತ ಮೊದಲು ನೋಡಬೇಕು. ಆಮೇಲೆ ಬಿತ್ತನೆ ಎಷ್ಟಾಗಿದೆ, ಮಣ್ಣಲ್ಲಿ ತೇವ ಎಷ್ಟಿದೆ, ಕೆರೆಯಲ್ಲಿ ನೀರೆಷ್ಟು ಅಂತ. ಇದರ ಜೊತೆಗೆ ಉಪಗ್ರಹದ ಹಸಿರು ಸೂಚ್ಯಂಕ. ಹಸಿರು ಎಲೆ ಬೆಳಕನ್ನು ಒಂದು ರೀತಿ ಹಿಂದಕ್ಕೆ ಕಳಿಸುತ್ತದೆ, ಬಾಡಿದ ಎಲೆ ಇನ್ನೊಂದು ರೀತಿ. ಮೇಲಿನಿಂದ ತಾಲ್ಲೂಕು ತಾಲ್ಲೂಕಾಗಿ ಗೊತ್ತಾಗುತ್ತದೆ. ಕೊನೆಗೆ ಕೆಲವು ಹಳ್ಳಿ ಆರಿಸಿ ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಯಬೇಕು.

2023ರಲ್ಲಿ ಇದೆಲ್ಲ ಆಯಿತು. ಸೆಪ್ಟೆಂಬರ್ ಮಧ್ಯದಲ್ಲೇ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಆಮೇಲೆ 236ರಲ್ಲಿ 223 ಆಯಿತು. ಅಂದರೆ ಹೆಚ್ಚುಕಡಿಮೆ ಇಡೀ ರಾಜ್ಯ. ಕೇಂದ್ರದ ತಂಡ ಅಕ್ಟೋಬರ್‌ನಲ್ಲಿ ಬಂದು ನೋಡಿ ಹೋಯಿತು. ರಾಜ್ಯ ಕೇಳಿದ್ದು 18,171 ಕೋಟಿ. ದುಡ್ಡು ಬರಲಿಲ್ಲ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ತನ್ನ ಕಡೆಯಿಂದ ರೈತರಿಗೆ 2,000 ರೂಪಾಯಿವರೆಗೆ ಹಾಕಿತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕೇಂದ್ರದ ಹಣ ಬಿಡುಗಡೆ ಆದದ್ದು ಏಪ್ರಿಲ್ ಕೊನೆಗೆ. ಅದೂ 3,454 ಕೋಟಿ.

ಯಾರ ತಪ್ಪು ಜಾಸ್ತಿ ಅಂತ ನಾನು ಇಲ್ಲಿ ಪಕ್ಷದ ಜಗಳ ಹಚ್ಚಲ್ಲ. ತಾರೀಕು ಮಾತ್ರ ನೋಡಿ. ಉಪಗ್ರಹಕ್ಕೆ ಬರ ಕಂಡಿತ್ತು. ನಮ್ಮ ಫೈಲಿಗೂ ಕಂಡಿತ್ತು. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಏಳು ತಿಂಗಳು ಆ ಹುಡುಗಿಯ ಅಪ್ಪ ಗಾರೆ ಕಲಸಿ ಮನೆ ನಡೆಸಿದರು. 40 ದಿನದಲ್ಲಿ ಚಂದ್ರನನ್ನು ಮುಟ್ಟಿದ ದೇಶಕ್ಕೆ ದೆಹಲಿಯಿಂದ ಯಾದಗಿರಿ ಇಷ್ಟು ದೂರ ಆಗಬಾರದಿತ್ತು.

ಬಿಜಾಪುರದ ಹಳೇ ಮಂದಿ

ಸಾಹೇಬರೇ, ಇದನ್ನು ಓದಿ ಸುಮ್ನೆ ಕೂತುಬಿಟ್ಟೆ.

ಸೊಸೈಟಿ ಸಾಲು

ದೆಹಲಿ ಬಿಡಿ, ಊರೊಳಗಿನ ದೂರ ಹೇಳುತ್ತೇನೆ. ನಮ್ಮಜ್ಜಿಗೆ 79 ವರ್ಷ. ಜೀವನವಿಡೀ ಕಳೆ ಕಿತ್ತ ಕೈ. ಬೆರಳ ಗೆರೆ ಸವೆದು ಹೋಗಿದೆ. ಸೊಸೈಟಿಯಲ್ಲಿ ಹೆಬ್ಬೆಟ್ಟು ಇಟ್ಟರೆ ಮಿಷನ್ ತಗೊಳ್ಳಲ್ಲ. ಹೋದ ತಿಂಗಳು ಮೂರು ದಿನ ಹೋದರು. ಮೊದಲ ದಿನ ಸರ್ವರ್ ಇಲ್ಲ. ಎರಡನೇ ದಿನ ಹೆಬ್ಬೆಟ್ಟು ಬರಲಿಲ್ಲ. ಮೂರನೇ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಸೆರಗಿನಲ್ಲಿ ಒರೆಸಿ, ಒಂಬತ್ತನೇ ಸಲಕ್ಕೆ ಹಸಿರು ದೀಪ ಬಂತು. ಅಕ್ಕಿ ಚೀಲ ಅಲ್ಲೇ, ಕಣ್ಣೆದುರಿಗೇ ಇತ್ತು, ಮೂರೂ ದಿನ.

ಒಬ್ಬರೇ ಇರುವ ಮುದುಕಿಯರು ಏನು ಮಾಡುತ್ತಾರೆ? ಅವರು ನಾಲ್ಕನೇ ದಿನ ಹೋಗಲ್ಲ.

ಕೋಲಾರದ ಹುಡುಗ

ಇದನ್ನೇ ನಾನೂ ಕೇಳಬೇಕು ಅಂತಿದ್ದೆ. ಇಷ್ಟು ಜಾಣ ಎಂಜಿನಿಯರುಗಳು ಇರುವ ದೇಶ. ಸವೆದ ಬೆರಳಿಗೂ ಆಗುವ ಒಂದು ಮಿಷನ್ ಮಾಡುವುದು ಲ್ಯಾಂಡರ್‌ಗಿಂತ ಕಷ್ಟವಾ? 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಬಿದ್ದಾಗ ಯಾಕೆ ಬಿತ್ತು ಅಂತ ಒಂದೊಂದೂ ಹುಡುಕಿದರು. ಕಾಲು ಗಟ್ಟಿ ಮಾಡಿದರು, ಇಂಧನ ಜಾಸ್ತಿ ಹಾಕಿದರು, ಇಳಿಯುವ ಜಾಗ ದೊಡ್ಡದು ಮಾಡಿದರು, ಮತ್ತೆ ಮತ್ತೆ ಪರೀಕ್ಷೆ ಮಾಡಿದರು. ಒಂದು ಮುದುಕಿಗೆ ಅಕ್ಕಿ ಸಿಗದೇ ಹೋದರೆ ಯಾಕೆ ಸಿಗಲಿಲ್ಲ ಅಂತ ಹಾಗೆ ಯಾರಾದರೂ ಹುಡುಕುತ್ತಾರಾ? ನಾನು ಗಗನಯಾನದ ಬಗ್ಗೆ ಕೇಳಿದ ಪ್ರಶ್ನೆ ಬಿಟ್ಟಿಲ್ಲ. ಆದರೆ ನನಗೆ ಇಸ್ರೋದಿಂದ ಕಿತ್ತುಕೊಳ್ಳಬೇಕು ಅನ್ನಿಸುವುದು ದುಡ್ಡಲ್ಲ, ಈ ಅಭ್ಯಾಸ.

ದೂರದ ಕನ್ನಡಿಗ

ಜಗತ್ತಿನ ಲೆಕ್ಕಕ್ಕೂ ಇದೇ ಮಾತು. 2023ರಲ್ಲಿ ಸುಮಾರು 73 ಕೋಟಿ ಜನ ಹಸಿದಿದ್ದರು ಅಂತ ವಿಶ್ವಸಂಸ್ಥೆಯ ವರದಿ. ಮುಖ್ಯ ಕಾರಣಗಳು ಯುದ್ಧ, ಹವಾಮಾನ, ದುಡಿಮೆ ಕುಸಿದದ್ದು. ಇಥಿಯೋಪಿಯಾದ ಕ್ಷಾಮದ ನಂತರ 1985ರಲ್ಲಿ ಅಮೆರಿಕ ಒಂದು ಮುನ್ನೆಚ್ಚರಿಕೆ ವ್ಯವಸ್ಥೆ ಶುರು ಮಾಡಿತು, ಫ್ಯೂಸ್ ನೆಟ್ ಅಂತ. ಉಪಗ್ರಹದ ಮಳೆ, ಹಸಿರು, ಜೊತೆಗೆ ಸಂತೆಯ ದರ ನೋಡಿ ಎಲ್ಲಿ ಕ್ಷಾಮ ಬರುತ್ತದೆ ಅಂತ ತಿಂಗಳುಗಟ್ಟಲೆ ಮೊದಲೇ ಹೇಳುತ್ತಿತ್ತು. 2025ರ ಜನವರಿಯಲ್ಲಿ ಇಲ್ಲಿನ ಸರ್ಕಾರ ವಿದೇಶಿ ನೆರವು ತಡೆದಾಗ ಅದೂ ಬಂದ್ ಆಯಿತು, ತಿಂಗಳುಗಟ್ಟಲೆ. ಆಗ ಸುಡಾನ್‌ನಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಉಪಗ್ರಹಗಳು ಮೇಲೆ ತಿರುಗುತ್ತಲೇ ಇದ್ದವು. ಕೆಳಗೆ ಓದಿ ಹೇಳುವವರ ಸಂಬಳ ನಿಂತಿತ್ತು. ಇದು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ.

ತೊಗರಿ ಹೊಲದ ಟೀಚರ್

ಎಲ್ಲರಿಗೂ ಕೈ ಮುಗಿದೆ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲ ಪ್ರಿಂಟ್ ತೆಗೆದು ಮಕ್ಕಳಿಗೆ ಕೊಟ್ಟೆ. ನಿನ್ನೆ ಸ್ಪರ್ಧೆ ಆಯಿತು.

ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ, ಎರಡು ವರ್ಷ ತಡವಾಗಿ. ನಾನು ಆ ಹುಡುಗಿಗೆ "ರಾಕೆಟ್ ನಿಲ್ಲಿಸಿದರೆ ನಿಮ್ಮೂರಿಗೆ ಊಟ ಬರುತ್ತಿತ್ತು" ಅಂತ ಹೇಳಲಾರೆ. ಅದು ಸುಳ್ಳು. "ಉಪಗ್ರಹದಿಂದ ನಿನಗೆ ಲಾಭ ಆಗಿದೆ" ಅಂತಲೂ ಹೇಳಲಾರೆ. ಅವಳ ಮನೆ ಮಟ್ಟಿಗೆ ಅದು ಇನ್ನೂ ನಿಜ ಆಗಿಲ್ಲ. ಬರದ ಫೈಲಿನ ಸರ್ ಬರೆದದ್ದನ್ನು ಅವಳನ್ನು ಕೂರಿಸಿಕೊಂಡು ಓದಿದೆ. ಪೂರ್ತಿ ಕೇಳಿಸಿಕೊಂಡು ಅವಳು ತನ್ನ ಭಾಷಣವನ್ನೇ ಬದಲಾಯಿಸಿದಳು.

ವೇದಿಕೆ ಮೇಲೆ ಅವಳು ಎರಡು ತಾರೀಕು ಬೋರ್ಡಿನಲ್ಲಿ ಬರೆದಳು. 14 ಜುಲೈ 2023, ರಾಕೆಟ್ ಹೊರಟ ದಿನ. 23 ಆಗಸ್ಟ್, ಇಳಿದ ದಿನ. ಕೆಳಗೆ ಇನ್ನೆರಡು. ಸೆಪ್ಟೆಂಬರ್ 2023, ಬರ ಘೋಷಣೆ. ಏಪ್ರಿಲ್ 2024, ಹಣ. "ಮೇಲಿನದು 40 ದಿನ, ಕೆಳಗಿನದು ಏಳು ತಿಂಗಳು. ನಾನು ರಾಕೆಟ್ ದುಡ್ಡು ಕೇಳಲ್ಲ, ಕೆಳಗಿನ ಏಳು ತಿಂಗಳು ಯಾಕಾಯಿತು ಅಂತ ಕೇಳ್ತೀನಿ" ಅಂದಳು. ತೀರ್ಪುಗಾರರೊಬ್ಬರು ಇದು ವಿಷಯದ ಹೊರಗೆ ಹೋಯಿತು ಅಂತ ಅಂಕ ಕಡಿಮೆ ಹಾಕಿದರು. ಮೊದಲ ಬಹುಮಾನ ವಿರೋಧ ತಂಡದ ಹುಡುಗನಿಗೆ ಹೋಯಿತು, ಒಖಿ ಚಂಡಮಾರುತದ ಬಗ್ಗೆ ಚೆನ್ನಾಗಿ ಮಾತಾಡಿದ. ನನಗೆ ಬೇಜಾರಾಯಿತು. ಅವಳಿಗೆ ಆಗಲಿಲ್ಲ.

ನಮ್ಮ ಬಿಸಿಯೂಟದ ಅಕ್ಕಂದಿರು ಹಿಂದಿನ ಬೆಂಚಿನಲ್ಲಿ ಕೂತು ಪೂರ್ತಿ ಕೇಳಿದರು. 6 ರೂಪಾಯಿ 78 ಪೈಸೆಯ ಮಾತು ಬಂದಾಗ ಒಬ್ಬರನ್ನೊಬ್ಬರು ನೋಡಿಕೊಂಡರು. ಮುಗಿದ ಮೇಲೆ ದೊಡ್ಡಕ್ಕ ನನ್ನ ಹತ್ತಿರ ಬಂದು, "ಟೀಚರ್, ಆ ಲೆಕ್ಕದಾಗ ಗ್ಯಾಸೂ ಐತಿ ಅಂತ ಹುಡುಗ ಹೇಳೋದು ಮರೆತ" ಅಂದರು. ಆಮೇಲೆ ಆ ಹುಡುಗಿಯ ಭುಜ ತಟ್ಟಿ, ಪಾತ್ರೆ ತೊಳೆಯಲು ಹೋದರು.

ಹುಡುಗಿ ಬೋರ್ಡ್ ಒರೆಸಲು ಬಿಡಲಿಲ್ಲ. ತಾರೀಕುಗಳು ಇವತ್ತೂ ಹಾಗೇ ಇವೆ.